ಮೂವತ್ತಾರು ಕಂತಿನ ಫೋನು: ಅಮೆರಿಕದ ಕ್ಯಾರಿಯರ್ ಇನ್‌ಸ್ಟಾಲ್‌ಮೆಂಟ್ ಮತ್ತು ಅರ್ಲಿ ಅಪ್‌ಗ್ರೇಡ್, ದೀರ್ಘ ಬಳಕೆಯ ವಿಮರ್ಶೆ

ಮೊದಲು ತೀರ್ಪು, ಆಮೇಲೆ ಲೆಕ್ಕ. ಅಮೆರಿಕದ ಮೂರು ಕ್ಯಾರಿಯರ್‌ಗಳು, ಅಂದರೆ ಮೊಬೈಲ್ ಸೇವೆಯ ಕಂಪನಿಗಳಾದ ವೆರೈಜನ್, ಎಟಿ ಆಂಡ್ ಟಿ, ಟಿ-ಮೊಬೈಲ್, ಕೊಡುವ ಬಡ್ಡಿಯಿಲ್ಲದ ಕಂತು ಒಳ್ಳೆಯದೇ, ಅದರಲ್ಲಿ ಮೋಸವಿಲ್ಲ. ಅರ್ಲಿ ಅಪ್‌ಗ್ರೇಡ್‌ಗೆಂದು, ಅಂದರೆ ಕಂತು ಮುಗಿಯುವ ಮುಂಚೆಯೇ ಫೋನ್ ಬದಲಿಸುವ ಹಕ್ಕಿಗೆಂದು, ತಿಂಗಳು ತಿಂಗಳು ಶುಲ್ಕ ಕಟ್ಟುವುದು ಐಫೋನ್ ಇಟ್ಟುಕೊಂಡವರಲ್ಲಿ ಬಹುಪಾಲು ಜನರಿಗೆ ದಂಡ. ಇನ್ನು ಅಂಗಡಿಯ ಗಾಜಿನ ಮೇಲೆ ಅಂಟಿಸಿರುವ ‘ಫ್ರೀ ಫೋನ್’: ನಾಲ್ಕು ಲೈನಿನ (ನಾಲ್ಕು ನಂಬರಿನ) ಕುಟುಂಬ, ಮೂರು ವರ್ಷ ಅದೇ ಕ್ಯಾರಿಯರ್‌ನಲ್ಲಿ ಇರುವುದು ಖಚಿತ ಎಂದಾದರೆ ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು. ಒಂಟಿ ಲೈನಿನವರು, ವೀಸಾದ ಮೇಲೆ ಇರುವವರು, ವರ್ಷದೊಳಗೆ ಬೆಂಗಳೂರಿಗೋ ಮೈಸೂರಿಗೋ ಮರಳುವ ಸಾಧ್ಯತೆ ಇರುವವರು ಮಾತ್ರ ದೂರ ಇರುವುದೇ ಲೇಸು.

ಗೊಂದಲ ಹುಟ್ಟುವುದು ಒಂದೇ ಕಾರಣಕ್ಕೆ. ಮೂರು ಬೇರೆ ಬೇರೆ ವ್ಯವಹಾರಗಳನ್ನು ಒಂದೇ ಸಹಿಯಲ್ಲಿ ಮುಗಿಸುತ್ತಾರೆ. ಒಂದು, ಫೋನಿನ ಪೂರ್ತಿ ಬೆಲೆಗೆ ಸಾಲ. ಎರಡು, ಆ ಸಾಲದ ಕಂತನ್ನು ತಗ್ಗಿಸುವ ಬಿಲ್ ಕ್ರೆಡಿಟ್. ಮೂರು, ಅವಧಿಗೆ ಮುಂಚೆ ಫೋನ್ ವಾಪಸ್ ಕೊಟ್ಟು ಹೊಸದು ಪಡೆಯುವ ಹಕ್ಕು. ಸಾಲ ನಿಮ್ಮದು, ಅದು ಎಲ್ಲಿಗೂ ಹೋಗುವುದಿಲ್ಲ. ಕ್ರೆಡಿಟ್ ಷರತ್ತಿನ ಮೇಲೆ ನಿಂತಿದೆ, ಷರತ್ತು ಮುರಿದ ತಿಂಗಳೇ ನಿಲ್ಲುತ್ತದೆ. ಎರಡನೆಯದೂ ಮೂರನೆಯದೂ ಒಟ್ಟಿಗೆ ದಕ್ಕುವುದಿಲ್ಲ ಎನ್ನುವುದನ್ನು ಕೌಂಟರಿನಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ.

ಬಿಲ್ಲನ್ನೇ ಹತ್ತಿರದಿಂದ ನೋಡೋಣ. ಲೆಕ್ಕಕ್ಕೆ ಸುಲಭವಾಗಲೆಂದು ಫೋನಿನ ಬೆಲೆ 1,080 ಡಾಲರ್, ಅವಧಿ 36 ತಿಂಗಳು, ಹಳೇ ಫೋನ್ ಕೊಟ್ಟಿದ್ದಕ್ಕೆ (ಇದೇ ಟ್ರೇಡ್-ಇನ್) 800 ಡಾಲರ್ ‘ಬೆಲೆ’ ಎಂದಿಟ್ಟುಕೊಳ್ಳಿ. ಬಿಲ್ಲಿನ ಒಂದು ಸಾಲಿನಲ್ಲಿ ‘36ರಲ್ಲಿ 1ನೇ ಕಂತು, 30.00’ ಎಂದಿರುತ್ತದೆ. ಅದರ ಕೆಳಗೆ ಇನ್ನೊಂದು ಸಾಲಿನಲ್ಲಿ ಮೈನಸ್ 22.22. ಕೈಯಿಂದ ಹೋಗುವುದು 7.78. ಆ 800 ಡಾಲರನ್ನು ಅವರು ನಿಮಗೆ ಕೊಟ್ಟಿಲ್ಲ, ಮೂರು ವರ್ಷಕ್ಕೆ ಹಂಚಿ ಇಟ್ಟುಕೊಂಡಿದ್ದಾರೆ. 20 ಕಂತು ಕಟ್ಟಿದ ಮೇಲೆ ಲೈನ್ ಬಿಟ್ಟರೆ ಉಳಿದ 16 ಕಂತು, ಅಂದರೆ 480 ಡಾಲರ್, ಮುಂದಿನ ಬಿಲ್ಲಿನಲ್ಲಿ ಒಟ್ಟಿಗೆ ಬಂದು ಕೂರುತ್ತದೆ. ಬರಬೇಕಿದ್ದ 355 ಡಾಲರ್ ಚಿಲ್ಲರೆ ಕ್ರೆಡಿಟ್ ಹೋಯಿತು. ಕೊಟ್ಟ ಹಳೇ ಫೋನೂ ಹೋಯಿತು.

ಹಳೆಯ ಎರಡು ವರ್ಷದ ಕಾಂಟ್ರ್ಯಾಕ್ಟ್ ಹೀಗಿರಲಿಲ್ಲ. 200 ಡಾಲರಿಗೆ ಫೋನ್ ಕೊಟ್ಟು, ಮಧ್ಯೆ ಬಿಟ್ಟರೆ ಇಷ್ಟು ದಂಡ ಎಂದು ನೇರವಾಗಿ ಬರೆಯುತ್ತಿದ್ದರು. ಟಿ-ಮೊಬೈಲ್ ಅದನ್ನು 2013ರ ಮಾರ್ಚ್‌ನಲ್ಲಿ ಕೈಬಿಟ್ಟಿತು. ಅದೇ ವರ್ಷದ ಜುಲೈ ಒಂದೇ ತಿಂಗಳಲ್ಲಿ ಟಿ-ಮೊಬೈಲ್ ‘ಜಂಪ್’, ಎಟಿ ಆಂಡ್ ಟಿ ‘ನೆಕ್ಸ್ಟ್’, ವೆರೈಜನ್ ‘ಎಡ್ಜ್’ ಎಂಬ ಮೂರು ಅರ್ಲಿ ಅಪ್‌ಗ್ರೇಡ್ ಯೋಜನೆಗಳೂ ಘೋಷಣೆಯಾದವು. ವರ್ಷ ವರ್ಷ ಹೊಸ ಫೋನ್ ಎಂಬ ಆಸೆ ಅಲ್ಲಿಂದ ಶುರು. ಬರಬರುತ್ತಾ ಅವಧಿ ಉದ್ದವಾಯಿತು. ವೆರೈಜನ್ 2022ರ ಫೆಬ್ರವರಿಯಿಂದ ಫೋನುಗಳಿಗೆ 36 ತಿಂಗಳು ಮಾಡಿತು, ಎಟಿ ಆಂಡ್ ಟಿ ಕೂಡ 36, ಟಿ-ಮೊಬೈಲ್‌ನಲ್ಲಿ ಈಗಲೂ ಹೆಚ್ಚಾಗಿ 24. ಮೂರರಲ್ಲಿ ಒಂದನ್ನು ಆರಿಸಲೇಬೇಕಾದರೆ, ನೆಟ್‌ವರ್ಕ್ ನಿಮ್ಮ ಮನೆಯಲ್ಲಿ ಸರಿಯಾಗಿ ಸಿಗುವುದಾದರೆ, 24 ತಿಂಗಳಿನದೇ ವಾಸಿ. ಹನ್ನೆರಡು ತಿಂಗಳು ಮುಂಚೆ ಕೈಕಾಲು ಬಿಡುವಾಗುತ್ತದೆ.

ಈಗ ಅರ್ಲಿ ಅಪ್‌ಗ್ರೇಡ್. ಇದಕ್ಕೆ ಬೇಕಾಗಿರುವುದು ಒಂದೇ ಲೆಕ್ಕ: ಅವರು ಮನ್ನಾ ಮಾಡುವ ಬಾಕಿ ಎಷ್ಟು, ಅದೇ ಫೋನ್ ಹೊರಗೆ ಎಷ್ಟಕ್ಕೆ ಹೋಗುತ್ತದೆ.

ಎಟಿ ಆಂಡ್ ಟಿಯ ‘ನೆಕ್ಸ್ಟ್ ಅಪ್ ಎನಿಟೈಮ್’ ತಿಂಗಳಿಗೆ 10 ಡಾಲರ್. ಬೆಲೆಯ ಮೂರನೇ ಒಂದು ಭಾಗ ಕಟ್ಟಿದ್ದರೆ ಫೋನ್ ಕೊಟ್ಟು ಹೊಸದಕ್ಕೆ ಹೋಗಬಹುದು. 1,080 ಡಾಲರಿನ ಫೋನಿಗೆ ಒಂದು ವರ್ಷದಲ್ಲಿ ಕಟ್ಟಿದ್ದು 360, ಶುಲ್ಕ 120, ಮನ್ನಾ ಆಗುವ ಬಾಕಿ 720. ಈ ಯೋಜನೆ ಇಲ್ಲದೆ ನೀವೇ ಬಾಕಿ ತೀರಿಸಿ ಮಾರಿದರೆ, 600ಕ್ಕಿಂತ ಒಂದು ಡಾಲರ್ ಹೆಚ್ಚು ಬಂದರೂ ಮಾರಿದ್ದೇ ಲಾಭ. ಒಂದು ವರ್ಷದ ಐಫೋನ್, ಗೀರಿಲ್ಲದೆ, ಅನ್‌ಲಾಕ್ ಆಗಿ (ಯಾವ ಕ್ಯಾರಿಯರ್‌ನ ಸಿಮ್ ಆದರೂ ಓಡುವಂತೆ), ಬ್ಯಾಟರಿ ಚೆನ್ನಾಗಿದ್ದರೆ ಆ ಗೆರೆಯ ಆಸುಪಾಸಿನಲ್ಲೋ ಮೇಲೋ ಇರುತ್ತದೆ. ಗ್ಯಾಲಕ್ಸಿ, ಪಿಕ್ಸೆಲ್ ಫೋನುಗಳ ಬೆಲೆ ಬೇಗ ಇಳಿಯುತ್ತದೆ. ಪೂರ್ತಿ ಬೆಲೆ ಕೊಟ್ಟು ಆಂಡ್ರಾಯ್ಡ್ ಕೊಂಡು ಪ್ರತಿ ವರ್ಷ ಬದಲಿಸುವವರಿಗೆ ಈ 10 ಡಾಲರ್ ನಿಜಕ್ಕೂ ಸಾರ್ಥಕ, ಅದನ್ನು ಒಪ್ಪಲೇಬೇಕು. ವೆರೈಜನ್‌ನಲ್ಲಿ ಆಯ್ದ ಫೋನುಗಳಿಗೆ ತಿಂಗಳ ಶುಲ್ಕವಿಲ್ಲದೆಯೇ ಅರ್ಧ ಕಟ್ಟಿ ಫೋನ್ ಮರಳಿಸುವ ದಾರಿ ಇದೆ. ಅಲ್ಲಿ ಗೆರೆ 540 ಡಾಲರ್. ಟಿ-ಮೊಬೈಲ್‌ನ ಜಂಪ್ ಈಗ ‘ಪ್ರೊಟೆಕ್ಷನ್ 360’ ಎಂಬ ವಿಮೆಯ ಜೊತೆ ಸೇರಿಕೊಂಡಿದೆ. ವಿಮೆ ಹೇಗೂ ಬೇಕಿದ್ದವರಿಗೆ ಮಾತ್ರ ಅದರ ಲೆಕ್ಕ ಕೂಡುತ್ತದೆ.

ಇಷ್ಟು ಹೇಳಿದ್ದು ಕ್ರೆಡಿಟ್ ಇಲ್ಲದ ಫೋನಿನ ಬಗ್ಗೆ. 800 ಡಾಲರ್ ಟ್ರೇಡ್-ಇನ್ ಆಫರಿನಲ್ಲಿ ಕೊಂಡ ಫೋನನ್ನು ಹನ್ನೆರಡನೇ ತಿಂಗಳಿಗೆ ವಾಪಸ್ ಕೊಟ್ಟರೆ ಉಳಿದ 24 ತಿಂಗಳ ಕ್ರೆಡಿಟ್, ಸುಮಾರು 533 ಡಾಲರ್, ಅಲ್ಲಿಗೇ ಮುಗಿಯಿತು. ಕಂತು ಕಡಿಮೆ ಎಂದು ಆಫರ್ ಹಿಡಿದು, ಜೊತೆಗೆ ಅರ್ಲಿ ಅಪ್‌ಗ್ರೇಡ್ ಶುಲ್ಕವನ್ನೂ ಕಟ್ಟುತ್ತಿರುವ ಮನೆಗಳು ಬಹಳ. ಅಂಥವರು ಇವತ್ತೇ ಆ್ಯಪ್ ತೆರೆದು ಶುಲ್ಕವನ್ನು ತೆಗೆಸಿಬಿಡಲಿ. ಅದನ್ನು ತೆಗೆದರೆ ಕಂತಿಗೂ ಕ್ರೆಡಿಟ್‌ಗೂ ಏನೂ ಆಗುವುದಿಲ್ಲ.

ಮಾರಾಟ ತೆರಿಗೆಯನ್ನು ಮರೆಯಬೇಡಿ. ಹಲವು ರಾಜ್ಯಗಳಲ್ಲಿ ತೆರಿಗೆ ಫೋನಿನ ಪೂರ್ತಿ ಬೆಲೆಯ ಮೇಲೆ, ಅದೂ ಮೊದಲ ದಿನವೇ. ಕ್ಯಾಲಿಫೋರ್ನಿಯಾದಲ್ಲಿ ‘ಫ್ರೀ’ ಫೋನಿಗೂ ಹೀಗೆಯೇ. ತೆರಿಗೆ ಶೇಕಡ 9 ಇರುವ ಊರಿನಲ್ಲಿ 1,080 ಡಾಲರಿಗೆ 97.20. ಅದರ ಮೇಲೆ ಆ್ಯಕ್ಟಿವೇಷನ್ ಅಥವಾ ಅಪ್‌ಗ್ರೇಡ್ ಎಂದು 35 ಡಾಲರ್ ಇಲ್ಲವೇ ಅದಕ್ಕಿಂತ ಹೆಚ್ಚು. ಪ್ರತಿ ವರ್ಷ ಬದಲಿಸಿದರೆ ಈ ಎರಡೂ ಪ್ರತಿ ವರ್ಷ. ಒರೆಗಾನ್‌ನಲ್ಲಿ ಮಾರಾಟ ತೆರಿಗೆಯೇ ಇಲ್ಲ, ಅಲ್ಲಿಯವರು ಪುಣ್ಯವಂತರು.

ಫೋನಿನ ಬೆಲೆಗಿಂತ ದೊಡ್ಡ ಖರ್ಚು ಪ್ಲಾನಿನದು. ಒಳ್ಳೆಯ ಆಫರುಗಳು ಮೇಲಿನ ದರ್ಜೆಯ ಅನ್‌ಲಿಮಿಟೆಡ್ ಪ್ಲಾನಿಗೇ ಕಟ್ಟಿರುತ್ತವೆ. ಒಂದೇ ಲೈನಿಗೆ ಅದು 85 ಡಾಲರ್ ಎಂದಿಟ್ಟುಕೊಳ್ಳಿ. ವೆರೈಜನ್‌ನದೇ ಆದ ‘ವಿಸಿಬಲ್’ ತೆರಿಗೆ ಸೇರಿ 25 ಡಾಲರಿಗೆ ಅನ್‌ಲಿಮಿಟೆಡ್ ಕೊಡುತ್ತದೆ, ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ ‘ಮಿಂಟ್’ ಎಂಬ ಸೇವೆಯ ಕಡಿಮೆ ಡೇಟಾದ ಪ್ಲಾನ್ ಇನ್ನೂ ಅಗ್ಗ. 85ಕ್ಕೂ 25ಕ್ಕೂ ವ್ಯತ್ಯಾಸ 60. ಮೂವತ್ತಾರು ತಿಂಗಳಿಗೆ 2,160. ಅಂದರೆ ಒಂದು ಫೋನ್ ಪುಕ್ಕಟೆ ಪಡೆಯಲು ಎರಡು ಫೋನಿನ ದುಡ್ಡು. ಅಗ್ಗದ ಸೇವೆಯಲ್ಲಿ ಜನಜಂಗುಳಿಯ ಕಡೆ, ವಿಮಾನ ನಿಲ್ದಾಣ, ಕ್ರೀಡಾಂಗಣಗಳಲ್ಲಿ, ಡೇಟಾ ನಿಧಾನವಾಗುವುದು ಖಂಡಿತ. ಅದಕ್ಕೆ ತಿಂಗಳಿಗೆ 60 ಡಾಲರ್ ಕೊಡಬೇಕೇ ಎಂಬುದನ್ನು ನೀವೇ ತೂಗಿ ನೋಡಿ. ನಾಲ್ಕು ಲೈನ್ ಇದ್ದರೆ ತಲಾ ದರ ಬಹಳ ಇಳಿಯುತ್ತದೆ, ಈ ಅಂತರ ಕಿರಿದಾಗುತ್ತದೆ, ಆಗ ನಾಲ್ಕು ಫೋನಿನ ಕ್ರೆಡಿಟ್ ಸೇರಿ ಆಫರೇ ಗೆಲ್ಲುತ್ತದೆ. ಮೊದಲೇ ಕುಟುಂಬದವರಿಗೆ ಹೂಂ ಎಂದದ್ದು ಇದಕ್ಕಾಗಿ.

ಕುಟುಂಬವಲ್ಲದ ‘ಫ್ಯಾಮಿಲಿ ಪ್ಲಾನ್’ ಬೇರೆಯೇ ಕಥೆ. ಓದಲು ಹೋದ ಹುಡುಗರು ನಾಲ್ಕೈದು ಜನ ಸೇರಿ ಒಬ್ಬನ ಹೆಸರಿನಲ್ಲಿ ಅಕೌಂಟ್ ತೆಗೆದು ಎಲ್ಲರೂ ಕಂತಿನ ಫೋನ್ ಪಡೆಯುತ್ತಾರೆ. ಕಾನೂನಿನ ಕಣ್ಣಿನಲ್ಲಿ ಅಷ್ಟೂ ಸಾಲ ಆ ಒಬ್ಬನದೇ. ಒಬ್ಬ ಬೇರೆ ರಾಜ್ಯಕ್ಕೆ ಹೋಗಿ ನಂಬರನ್ನು ಬೇರೆ ಕ್ಯಾರಿಯರ್‌ಗೆ ಪೋರ್ಟ್ ಮಾಡಿದ ಕೂಡಲೇ ಲೈನ್ ರದ್ದಾಗಿ ಅವನ ಪೂರ್ತಿ ಬಾಕಿ ಮೊದಲನೆಯವನ ಬಿಲ್ಲಿಗೆ ಬೀಳುತ್ತದೆ. ಲೈನ್ ಎಣಿಕೆಯ ಮೇಲೆ ನಿಂತ ಆಫರ್ ಆದರೆ ಉಳಿದವರ ಕ್ರೆಡಿಟ್‌ಗೂ ಕುತ್ತು ಬರಬಹುದು. ಬಿಟ್ಟು ಹೋಗುವವರು ಪೋರ್ಟ್ ಮಾಡುವ ಮುಂಚೆ ಕಸ್ಟಮರ್ ಕೇರ್‌ಗೆ ಕರೆ ಮಾಡಿ ‘ಚೇಂಜ್ ಆಫ್ ರೆಸ್ಪಾನ್ಸಿಬಿಲಿಟಿ’ ಕೇಳಬೇಕು. ಲೈನೂ ಸಾಲವೂ ಹೊಸ ಹೆಸರಿಗೆ ಹೋಗುತ್ತವೆ. ಕ್ರೆಡಿಟ್ ಜೊತೆಗೆ ಬರುತ್ತದೆಯೇ ಎಂಬುದನ್ನು ಚಾಟ್‌ನಲ್ಲಿ ಬರೆಸಿಕೊಂಡು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಬಾಯಿಮಾತಿಗೆ ಬೆಲೆಯಿಲ್ಲ.

ಸೋಷಿಯಲ್ ಸೆಕ್ಯುರಿಟಿ ನಂಬರ್ (ಅಲ್ಲಿನ ಸರ್ಕಾರ ಕೊಡುವ ಸಂಖ್ಯೆ) ಇಲ್ಲದೆ, ಸಾಲ ಪಡೆದು ತೀರಿಸಿದ ಕ್ರೆಡಿಟ್ ಇತಿಹಾಸವಿಲ್ಲದೆ ಬಂದವರಿಗೆ ಕಂತು ಸಿಗುವುದೇ ಕಷ್ಟ, ಸಿಕ್ಕರೂ ದೊಡ್ಡ ಮುಂಗಡ ಕೇಳುತ್ತಾರೆ. ಊರಿನಿಂದ ತಂದ ಫೋನಿಗೆ ಪ್ರೀಪೇಯ್ಡ್ ಇ-ಸಿಮ್ ಹಾಕಿ ಒಂದು ವರ್ಷ ತಳ್ಳಿ. ಕ್ಯಾರಿಯರ್ ಕಂತು ಕಟ್ಟಿದರೆ ಕ್ರೆಡಿಟ್ ಸ್ಕೋರ್ ಬೆಳೆಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸಾಮಾನ್ಯವಾಗಿ ಸರಿಯಾಗಿ ಕಟ್ಟಿದ್ದು ಅಲ್ಲಿ ದಾಖಲಾಗುವುದಿಲ್ಲ, ಕಟ್ಟದೆ ಕಲೆಕ್ಷನ್‌ಗೆ (ವಸೂಲಿ ಏಜೆನ್ಸಿಗೆ) ಹೋದದ್ದು ದಾಖಲಾಗುತ್ತದೆ.

ಟ್ರೇಡ್-ಇನ್‌ನಲ್ಲಿ ಎಡವುವುದು ಸಣ್ಣ ಸಣ್ಣ ಕಡೆ. ಕಳೆದ ಫೋನ್ ಹುಡುಕುವ ‘ಫೈಂಡ್ ಮೈ’ ಆಫ್ ಮಾಡದೆ ಕಳಿಸಿದ ಐಫೋನ್ ಅವರಿಗೆ ಇಟ್ಟಿಗೆಗೆ ಸಮ, ಬೆಲೆ ಸೊನ್ನೆ. ವಾಚ್ ಅನ್‌ಪೇರ್ ಮಾಡಿ, ಐಕ್ಲೌಡ್‌ನಿಂದ ಸೈನ್ ಔಟ್ ಆಗಿ, ಇ-ಸಿಮ್ ಹೊಸ ಫೋನಿಗೆ ಹೋಗಿದೆ ಎಂದು ಖಚಿತಪಡಿಸಿಕೊಂಡ ಮೇಲೆಯೇ ಅಳಿಸಬೇಕು. ಅಳಿಸುವ ಮುಂಚೆ *#06# ಒತ್ತಿ ಐಎಂಇಐ (ಆ ಫೋನಿನ ಗುರುತಿನ ಸಂಖ್ಯೆ) ಕಾಣುವಂತೆ ಒಂದು ಫೋಟೊ, ಪರದೆ ಬೆಳಗಿರುವಾಗ ಮುಂದಿನಿಂದ ಒಂದು, ಹಿಂದಿನಿಂದ ಒಂದು. ಬ್ಯಾಟರಿ ಉಬ್ಬಿದ್ದರೆ ಅಂಚೆಗೆ ಹಾಕಲೇಬೇಡಿ. ಹತ್ತಿರ ಕಂಪನಿಯದೇ ಅಂಗಡಿ ಇದ್ದರೆ ಅಲ್ಲಿಯೇ ಕೊಟ್ಟು ಐಎಂಇಐ ನಮೂದಾದ ರಸೀದಿ ಪಡೆಯುವುದು ಎಷ್ಟೋ ನೆಮ್ಮದಿ. ಅಂಚೆಯಲ್ಲಾದರೆ ಡಬ್ಬ ಕೊಟ್ಟ ಚೀಟಿ ಮತ್ತು ಟ್ರ್ಯಾಕಿಂಗ್ ನಂಬರನ್ನು ಕ್ರೆಡಿಟ್ ಶುರುವಾಗುವವರೆಗೂ ಜೋಪಾನ ಮಾಡಿ. ಕ್ರೆಡಿಟ್ ಬರಲು ಎರಡು ಮೂರು ಬಿಲ್ ಹಿಡಿಯುತ್ತದೆ. ಮೂರನೇ ಬಿಲ್ಲಿನಲ್ಲೂ ಮೈನಸ್ ಸಾಲು ಕಾಣದಿದ್ದರೆ ಅವತ್ತೇ ಕೇಳಿ. ಪ್ಲಾನನ್ನು ಕೆಳದರ್ಜೆಗೆ ಇಳಿಸುವ ಮುಂಚೆಯೂ, ಬಾಕಿಯನ್ನು ಒಂದೇ ಸಲ ತೀರಿಸುವ ಮುಂಚೆಯೂ ಕೇಳಿ. ಕೆಲವು ಆಫರುಗಳಲ್ಲಿ ಸಾಲ ಬೇಗ ತೀರಿಸಿದವರಿಗೇ ಕ್ರೆಡಿಟ್ ನಿಲ್ಲುತ್ತದೆ.

ಇನ್ನು ನಮ್ಮವರಿಗೆ ಎಲ್ಲಕ್ಕಿಂತ ಹೆಚ್ಚು ಕಾಡುವ ವಿಷಯ, ಲಾಕ್. ಕಂತಿನ ಫೋನ್ ಆ ಕ್ಯಾರಿಯರ್‌ಗೆ ಲಾಕ್ ಆಗಿರುತ್ತದೆ. ಎಟಿ ಆಂಡ್ ಟಿಯಲ್ಲಿ ಪೂರ್ತಿ ಬಾಕಿ ತೀರಿ, 60 ದಿನ ಬಳಕೆಯಲ್ಲಿರಬೇಕು. ಟಿ-ಮೊಬೈಲ್ ಪೋಸ್ಟ್‌ಪೇಯ್ಡ್‌ನಲ್ಲಿ ಬಾಕಿ ತೀರಿ, 40 ದಿನ ಬಳಕೆಯಲ್ಲಿರಬೇಕು. ವೆರೈಜನ್ ಬಹಳ ವರ್ಷ 60 ದಿನಕ್ಕೆ ತಾನಾಗಿಯೇ ಬಿಡಿಸುತ್ತಿತ್ತು, ಆದರೆ ಕೊಳ್ಳುವ ದಿನ ಯಾವ ನಿಯಮ ಇದೆಯೋ ಅದನ್ನೇ ಓದಿ ಸಹಿ ಹಾಕಿ. ಲಾಕ್ ಇರುವಾಗ ದಸರಾ ರಜೆಗೆ ಊರಿಗೆ ಹೋದರೆ ಜಿಯೋ, ಏರ್‌ಟೆಲ್ ಯಾವುದೂ ಹತ್ತುವುದಿಲ್ಲ, ದುಬಾರಿ ರೋಮಿಂಗೇ ಗತಿ. ಅಪ್ಪ ಅಮ್ಮನಿಗೆ ಕೊಟ್ಟು ಬರೋಣವೆಂದರೆ ಅದೂ ಆಗುವುದಿಲ್ಲ. ಹಿಂದೆ ಸಿಮ್ ತಟ್ಟೆಯಲ್ಲಿ ತೆಳುವಾದ ಚಿಪ್ ಇಟ್ಟು ಹೇಗೋ ಓಡಿಸುತ್ತಿದ್ದರು, ಅಪ್‌ಡೇಟ್ ಬಂದಾಗೆಲ್ಲ ಅದು ಕೈಕೊಡುತ್ತಿತ್ತು. 2022ರ ಐಫೋನ್ 14ರಿಂದ ಅಮೆರಿಕದ ಐಫೋನುಗಳಲ್ಲಿ ಸಿಮ್ ತಟ್ಟೆಯೇ ಇಲ್ಲ, ಬರೀ ಇ-ಸಿಮ್. ಆ ದಾರಿಯೂ ಮುಚ್ಚಿತು.

ಕೆಲಸ ಹೋದ ಎಚ್-1ಬಿ (ಉದ್ಯೋಗ ವೀಸಾ) ಯವರಿಗೆ ದೇಶದಲ್ಲಿ ಉಳಿಯಲು ಇರುವ ಗಡುವು ಹೆಚ್ಚೆಂದರೆ 60 ದಿನ. ಆ ಹೊತ್ತಿನಲ್ಲಿ ಮನೆಯ ಲೀಸ್, ಕಾರು, ಮಕ್ಕಳ ಶಾಲೆ ಎಲ್ಲದರ ನಡುವೆ ಫೋನಿನ ಬಾಕಿಯೂ ಒಟ್ಟಿಗೆ ಮೇಲೆ ಬೀಳುತ್ತದೆ. ಬಾಕಿ ಬಿಟ್ಟು ವಿಮಾನ ಹತ್ತಿದರೆ ಐಎಂಇಐ ಬ್ಲಾಕ್ ಆಗುತ್ತದೆ, ಲಾಕ್ ಎಂದೂ ಬಿಡುವುದಿಲ್ಲ. ಹೀಗೆ ಅತಂತ್ರವಾಗಿರುವವರು ಕಂತೇ ಬೇಕಿದ್ದರೆ ಆಪಲ್‌ನ ‘ಐಫೋನ್ ಅಪ್‌ಗ್ರೇಡ್ ಪ್ರೋಗ್ರಾಮ್’ ನೋಡಬಹುದು. 2015ರಿಂದ ಇರುವ ಈ ಯೋಜನೆಯಲ್ಲಿ ಸಿಟಿಜನ್ಸ್ ಬ್ಯಾಂಕಿನ 24 ಕಂತಿನ ಬಡ್ಡಿಯಿಲ್ಲದ ಸಾಲ, ಆಪಲ್‌ಕೇರ್ ಪ್ಲಸ್ (ಆಪಲ್‌ನ ವಿಮೆ) ಸೇರಿಯೇ ಕಂತು, 12 ಕಂತು ಕಟ್ಟಿದ ಮೇಲೆ ಬದಲಿಸುವ ಹಕ್ಕು, ಮತ್ತು ಮುಖ್ಯವಾಗಿ ಫೋನ್ ಮೊದಲ ದಿನದಿಂದ ಅನ್‌ಲಾಕ್. 25 ಡಾಲರಿನ ಪ್ಲಾನಿನ ಮೇಲೂ ಓಡುತ್ತದೆ. ಆಪಲ್‌ಕೇರ್ ಬೇಡದವರಿಗೆ ಮಾತ್ರ ಇದು ತುಟ್ಟಿ.

ಈಗಾಗಲೇ ಕ್ಯಾರಿಯರ್ ಕಂತಿನಲ್ಲಿದ್ದು ಮರಳುವ ದಿನ ಗೊತ್ತಾಗಿದ್ದರೆ ಕ್ರಮ ಹೀಗಿರಲಿ. ಟಿಕೆಟ್ ಕೈಗೆ ಬಂದ ವಾರವೇ, ಲೈನ್ ಚಾಲ್ತಿಯಲ್ಲಿರುವಾಗಲೇ, ಬಾಕಿ ತೀರಿಸಿ. ಹಣ ಜಮೆಯಾಗಿ ಬಾಕಿ ಸೊನ್ನೆ ಎಂದು ಆ್ಯಪ್‌ನಲ್ಲಿ ಕಂಡ ಮೇಲೆ ಅನ್‌ಲಾಕ್ ಕೋರಿಕೆ ಹಾಕಿ. ಎಟಿ ಆಂಡ್ ಟಿ ಆದರೆ ಇಮೇಲ್‌ಗೆ ಬರುವ ಲಿಂಕನ್ನು 24 ಗಂಟೆಯೊಳಗೆ ಒತ್ತಬೇಕು, ತಪ್ಪಿದರೆ ಮತ್ತೆ ಮೊದಲಿನಿಂದ. ಆಮೇಲೆ ಸೆಟ್ಟಿಂಗ್ಸ್, ಜನರಲ್, ಅಬೌಟ್‌ಗೆ ಹೋಗಿ ‘ಕ್ಯಾರಿಯರ್ ಲಾಕ್’ ಎಂಬ ಸಾಲು ನೋಡಿ. ಅದರ ಎದುರು ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಎಂದು ಬರುವವರೆಗೂ ಲೈನ್ ರದ್ದು ಮಾಡಬೇಡಿ.