ಐದಾರು ಮಳೆಗಾಲ ಕಂಡ ನಮ್ಮ ಮನೆಯ ಎಲ್‌ಇಡಿ ದೀಪಗಳು

ಎಲ್‌ಇಡಿ ದೀಪಗಳ ವಿಮರ್ಶೆ ಹುಡುಕಿದರೆ ಸಿಗುವುದೆಲ್ಲ ಹೆಚ್ಚಾಗಿ ತಂದ ವಾರದಲ್ಲೇ ಬರೆದದ್ದು. 'ಸೂಪರ್ ಬೆಳಕು, ಪ್ಯಾಕಿಂಗ್ ಚೆನ್ನಾಗಿದೆ' ಅಂತ ಐದು ಸ್ಟಾರ್. ನಮ್ಮ ಊರಿನಲ್ಲಿ ಆ ಸ್ಟಾರಿಗೆ ಬೆಲೆಯಿಲ್ಲ. ಉಡುಪಿ ಕಡೆ ಸಾಧಾರಣ ವರ್ಷದಲ್ಲೂ 3500 ಮಿ.ಮೀ. ದಾಟಿ ಮಳೆ ಬೀಳುತ್ತದೆ. ಅದಕ್ಕೆ ಮೊದಲು ಏಪ್ರಿಲ್, ಮೇ ತಿಂಗಳಲ್ಲಿ ಸಿಡಿಲು. ಮಳೆ ಬಿಟ್ಟ ಮೇಲೆ ಅಕ್ಟೋಬರಿನಲ್ಲಿ ಪುನಃ ಸಿಡಿಲು. ನಮ್ಮ ಮನೆ ಮಲ್ಪೆ ಕಡಲಿಗೆ ಹತ್ತಿರ, ಹಾಗಾಗಿ ಉಪ್ಪು ಗಾಳಿ ಬೇರೆ. ಇಲ್ಲಿ ಒಳಗೂ ಹೊರಗೂ ಎಲ್‌ಇಡಿ ಹಾಕಿ ಐದಾರು ಮಳೆಗಾಲ ಕಳೆದಿದೆ. ಕಂಪನಿಗಳ ಹೆಸರು ಬರೆಯುವುದಿಲ್ಲ. ಒಂದೇ ಕಂಪನಿಯ ಒಂದು ಬಲ್ಬ್ ಇನ್ನೂ ಉರಿಯುತ್ತಿದೆ, ಇನ್ನೊಂದು ವರ್ಷ ತುಂಬುವ ಮೊದಲೇ ಹೋಗಿದೆ. ಹೆಸರು ಹೇಳಿ ಯಾರಿಗೂ ಉಪಯೋಗ ಇಲ್ಲ.

ಡಬ್ಬಿಯ ಮೇಲೆ 25,000 ಗಂಟೆ ಬಾಳಿಕೆ ಅಂತ ಇರುತ್ತದೆ, ಅಲ್ವಾ? ಅದು ಒಳಗಿನ ಎಲ್‌ಇಡಿ ಚಿಪ್ಪಿನ ಮಾತು. ನಮ್ಮಲ್ಲಿ ಚಿಪ್ಪು ಹಾಳಾಗಿ ಹೋದ ಬಲ್ಬ್ ಕಡಿಮೆ. ಹೋಗುವುದು ಡ್ರೈವರ್. 230 ವೋಲ್ಟಿನ ಕರೆಂಟನ್ನು ಎಲ್‌ಇಡಿಗೆ ಬೇಕಾದ ಹಾಗೆ ಮಾಡಿಕೊಡುವ ಪುಟ್ಟ ಸರ್ಕ್ಯೂಟ್ ಅದು. ಅದರಲ್ಲಿರುವ ಕೆಪಾಸಿಟರ್ ಬಿಸಿಗೆ ನಿಧಾನವಾಗಿ ಒಣಗುತ್ತದೆ. ಸಿಡಿಲಿನ ಸರ್ಜ್ (ವೋಲ್ಟೇಜ್ ಒಮ್ಮೆಲೇ ಏರುವುದು) ಬಂದರೆ ಒಂದೇ ಏಟಿಗೆ ಡ್ರೈವರೇ ಸುಡುತ್ತದೆ. ಹಾಗಾಗಿ ಈಗ ನಾನು ಅಂಗಡಿಯಲ್ಲಿ ವ್ಯಾಟ್ ಕೇಳುವ ಮೊದಲು ಡಬ್ಬಿ ತಿರುಗಿಸಿ ಸರ್ಜ್ ಎಷ್ಟು ತಡೆಯುತ್ತದೆ ಎಂದು ನೋಡುತ್ತೇನೆ. 2.5 ಕೆವಿ, 4 ಕೆವಿ (ಕಿಲೋವೋಲ್ಟ್) ಅಂತ ಬರೆದಿರುತ್ತದೆ. ಜಾಸ್ತಿ ಇದ್ದಷ್ಟೂ ಒಳ್ಳೆಯದು. ಏನೂ ಬರೆದಿಲ್ಲವಾದರೆ ವಾಪಸ್ ಇಡುತ್ತೇನೆ. ಡಬ್ಬಿಯ ಮೇಲೆ ಕರೆಂಟ್ ಉಳಿತಾಯದ ಸ್ಟಾರ್ ಲೇಬಲ್ ಇದ್ದರೆ ಸಾಕು ಎಂದುಕೊಳ್ಳಬೇಡಿ. 2018ರಿಂದ ಬಲ್ಬುಗಳಿಗೆ ಅದು ಕಡ್ಡಾಯ, ಆದರೆ ಅದರ ನಕ್ಷತ್ರಗಳು ಹೇಳುವುದು ಒಂದು ವ್ಯಾಟಿಗೆ ಎಷ್ಟು ಬೆಳಕು ಸಿಗುತ್ತದೆ ಎಂದು ಮಾತ್ರ. ಸಿಡಿಲಿನ ಸಂಗತಿ ಅಲ್ಲಿಲ್ಲ.

ನಿಜವಾಗಿ ವ್ಯತ್ಯಾಸ ಮಾಡಿದ್ದು ಬಲ್ಬ್ ಅಲ್ಲ, ಡಿಬಿ ಬಾಕ್ಸಿನಲ್ಲಿ (ಮನೆಯ ಮೇನ್ ಸ್ವಿಚ್ಚುಗಳಿರುವ ಪೆಟ್ಟಿಗೆ) ಹಾಕಿಸಿದ ಸರ್ಜ್ ಪ್ರೊಟೆಕ್ಟರ್. ಅದನ್ನು ಹಾಕಿಸಿದ ಮೇಲೆ ಮೇ ತಿಂಗಳಲ್ಲಿ ಬಲ್ಬ್ ಬದಲಿಸುವ ಕೆಲಸ ತುಂಬಾ ಕಡಿಮೆಯಾಗಿದೆ. ಆದರೆ ಅರ್ಥಿಂಗ್ ಸರಿ ಇಲ್ಲದಿದ್ದರೆ ಅದು ಸುಮ್ನೆ ಕೂತ ಡಬ್ಬಿ. ನಮ್ಮ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಹೋಗುತ್ತದೆ, ಒಣಗಿದ ಮಣ್ಣಿಗೆ ಕರೆಂಟ್ ಸರಿಯಾಗಿ ಇಳಿಯುವುದಿಲ್ಲ. ಸಿಡಿಲು ಶುರುವಾಗುವುದೂ ಆ ಹೊತ್ತಿಗೇ. ಮಾರ್ಚಿನಿಂದ ಅರ್ಥ್ ಗುಂಡಿಗೆ ಆಗಾಗ ನೀರು ಹಾಕುತ್ತೇವೆ.

ಈಗ ಹೊರಗಿನ ದೀಪಗಳಿಗೆ ಬರುತ್ತೇನೆ. ಗಲಾಟೆ ಎಲ್ಲ ಇಲ್ಲಿಯದ್ದೇ. ಗೇಟಿನ ಕಂಬದ ಮೇಲೆ ಎರಡು ಚಂದದ ದೀಪ ಹಾಕಿಸಿದ್ದೆವು. ಡಬ್ಬಿಯಲ್ಲಿ ಐಪಿ65 ಅಂತ ಇತ್ತು. ಮೊದಲ ಅಂಕಿ ಧೂಳಿನದ್ದು, ಎರಡನೆಯದು ನೀರಿನದ್ದು. 65 ಅಂದರೆ ಧೂಳು ಒಳಗೆ ಹೋಗುವುದಿಲ್ಲ, ಪೈಪಿನಲ್ಲಿ ನೀರು ಹಾರಿಸಿದರೂ ತಡೆಯುತ್ತದೆ. ಜೂನ್ ಮೊದಲ ವಾರ ಗಾಳಿಮಳೆ ಹೊಡೆಯಿತು. ರಾತ್ರಿ ಇದ್ದಕ್ಕಿದ್ದ ಹಾಗೆ ಇಡೀ ಮನೆ ಕತ್ತಲೆ. ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್, ಟ್ರಿಪ್ ಆಗಿತ್ತು. ಮೇಲೆತ್ತಿದರೆ ಪುನಃ ಬೀಳುತ್ತದೆ. ಮರುದಿನ ವಯರಿಂಗಿನವರು ಬಂದು ಗೇಟಿನ ದೀಪ ಬಿಚ್ಚಿ, 'ಅಕ್ಕ, ಇದರ ಒಳಗೆ ಕೆರೆ ಉಂಟು' ಅಂದರು.

ನೀರು ಗಾಜಿನ ಮೂಲಕ ಬಂದದ್ದಲ್ಲ. ವಯರಿನ ಗುಂಟ ಇಳಿದು, ವಯರ್ ಒಳಗೆ ಹೋಗುವ ತೂತಿನಲ್ಲಿ ನುಗ್ಗಿತ್ತು. ಅಲ್ಲಿ ವಯರಿನ ಸುತ್ತ ಸಂದು ಮುಚ್ಚುವ ಬಿಗಿಯಾದ ಗ್ಲ್ಯಾಂಡ್ ಇರಬೇಕಿತ್ತು, ಸಡಿಲ ರಬ್ಬರ್ ಇತ್ತು. ಅವರು ಇನ್ನೊಂದು ಸಂಗತಿಯನ್ನೂ ಹೇಳಿದರು. ಉರಿದು ಬಿಸಿಯಾದ ದೀಪದ ಮೇಲೆ ಮಳೆ ಬಿದ್ದರೆ ಒಳಗಿನ ಗಾಳಿ ಒಮ್ಮೆಲೇ ತಣ್ಣಗಾಗಿ ಕುಗ್ಗುತ್ತದೆ, ಹೊರಗಿನ ಒದ್ದೆ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಸಣ್ಣ ಸಂದು ಇದ್ದರೂ ಸಾಕು. ಈಗ ವಯರನ್ನು ದೀಪಕ್ಕಿಂತ ಕೆಳಗೆ ಇಳಿಸಿ, ಅಲ್ಲಿಂದ ಮೇಲೆ ತಂದು ಒಳಗೆ ಕೊಟ್ಟಿದ್ದಾರೆ. ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಹೊರಗಿನ ದೀಪಗಳಿಗೆಲ್ಲ ಬೇರೆಯೇ ಆರ್‌ಸಿಸಿಬಿ ಹಾಕಿಸಿದ್ದೇವೆ, 30 ಮಿಲಿಆಂಪಿನದ್ದು. ಟ್ರಿಪ್ ಆದರೆ ಅಂಗಳ ಮಾತ್ರ ಕತ್ತಲೆ, ಫ್ರಿಜ್ಜು ಫ್ಯಾನು ನಡೆಯುತ್ತದೆ. ಮನೆ ಕಟ್ಟುತ್ತಿರುವವರು ದಯವಿಟ್ಟು ಇದೊಂದನ್ನು ಆಗಲೇ ಮಾಡಿಸಿಕೊಳ್ಳಿ, ಮತ್ತೆ ಗೋಡೆ ಕೊರೆಯುವುದು ದೊಡ್ಡ ರಗಳೆ.

ಉಪ್ಪು ಗಾಳಿಗೆ ಮೊದಲು ಬಲಿಯಾಗುವುದು ಸ್ಕ್ರೂ. ಬಣ್ಣ ಬಳಿದ ಲೋಹದ ದೀಪಗಳಲ್ಲಿ ಬಣ್ಣ ಗುಳ್ಳೆಯೆದ್ದು ಸಿಪ್ಪೆ ಸುಲಿಯಿತು. ನೋಡಲು ಬಡಪಾಯಿ ಎನಿಸುವ, ಬಾವಿಯ ಹತ್ತಿರ ಹಾಕಿದ್ದ ಪಾಲಿಕಾರ್ಬೊನೇಟಿನ ದುಂಡು ದೀಪ ಮಾತ್ರ ಹಾಗೇ ಉಂಟು. ಬಿಸಿಲಿಗೆ ಸ್ವಲ್ಪ ಹಳದಿಯಾಗಿದೆ, ಅಷ್ಟೇ. ಕಡಲ ಹತ್ತಿರದವರು ಚಂದಕ್ಕೆ ಲೋಹ ಬೇಕೇ ಬೇಕು ಎಂದರೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕೇಳಿ. ದುಬಾರಿ. 304 ಸಹ ಇಲ್ಲಿ ಕಲೆಗಟ್ಟುತ್ತದೆ.

ಬಣ್ಣದ ವಿಷಯ. ಅಂಗಡಿಯಲ್ಲಿ 'ವೈಟಾ, ವಾರ್ಮಾ' ಎಂದು ಕೇಳುತ್ತಾರೆ, ಉತ್ತರಕ್ಕೆ ಕಾಯದೆ ವೈಟ್ ಕೈಗಿಡುತ್ತಾರೆ. ಅದು 6500 ಕೆಲ್ವಿನಿನ (ಬೆಳಕಿನ ಬಣ್ಣದ ಅಳತೆ) ನೀಲಿ ಛಾಯೆಯ ಬಿಳಿ. ಜಗಲಿಯಲ್ಲಿ ಅದನ್ನು ಹಾಕಿದರೆ ಮೊದಲ ಮಳೆಯ ಸಂಜೆ ರೆಕ್ಕೆ ಬಂದ ಗೆದ್ದಲುಗಳ ಜಾತ್ರೆ. ಹುಳಗಳನ್ನು ಜಾಸ್ತಿ ಸೆಳೆಯುವುದು ನೀಲಿ ಮತ್ತು ಅದರಾಚೆಯ ಬೆಳಕು. 2700 ಅಥವಾ 3000 ಕೆಲ್ವಿನಿನ ಹಳದಿ ಬಲ್ಬ್ ಹಾಕಿದ ಮೇಲೆ ಹಾತೆಗಳು ಕಡಿಮೆಯಾಗಿವೆ. ಪೂರ್ತಿ ನಿಂತಿಲ್ಲ. ಹಾತೆ ಕಡಿಮೆಯಾದರೆ ಹಲ್ಲಿ ಕಡಿಮೆ, ಗೋಡೆ ಒರೆಸುವ ಕೆಲಸವೂ ಕಡಿಮೆ. ಚಾವಡಿಯಲ್ಲಿ ನಮ್ಮದು ಕಾವಿ ನೆಲ, ಮೇಲೆ ಮರದ ಮುಚ್ಚಿಗೆ. ಬಿಳಿ ಬೆಳಕಿಗೆ ಆ ಕೆಂಪು ಸತ್ತ ಹಾಗೆ ಕಾಣುತ್ತಿತ್ತು. ಹಳದಿಯಲ್ಲಿ ನೆಲಕ್ಕೆ ಜೀವ ಬಂದಿದೆ. ಕಪ್ಪು ಮರ ಬೆಳಕನ್ನು ನುಂಗುತ್ತದೆ ಎನ್ನುವುದೂ ನಿಜ. ಹಾಗಾಗಿ ಮೇಲಿನಿಂದ ಒಂದು ದೊಡ್ಡ ದೀಪದ ಬದಲು ಬಿಳಿ ಗೋಡೆಗಳ ಮೇಲೆ ಸಣ್ಣ ಸಣ್ಣದು ಹಾಕಿದ್ದೇವೆ.

ಅಡುಗೆಮನೆಗೆ ಮಾತ್ರ ಬೇರೆ ಲೆಕ್ಕ. ಅಲ್ಲಿ ಕೆಲ್ವಿನಿಗಿಂತ ಸಿಆರ್‌ಐ ಮುಖ್ಯ. ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಎನ್ನುವ ಅಂಕ ಅದು, ನೂರಕ್ಕೆ. ಸಾಧಾರಣ ಬಲ್ಬುಗಳು 80ರ ಆಸುಪಾಸಿನಲ್ಲಿರುತ್ತವೆ, ಅವುಗಳಲ್ಲಿ ಸೋಲುವುದು ಕೆಂಪು ಬಣ್ಣವೇ. ಬಂಗುಡೆ ತಾಜಾ ಉಂಟಾ ಎಂದು ನೋಡುವುದು ಕಿವಿರಿನ ಕೆಂಪಿನಲ್ಲಿ ತಾನೇ? ಸಂಜೆ ತಂದ ಒಳ್ಳೆಯ ಮೀನೂ ಹಳೆಯ ಬಲ್ಬಿನ ಕೆಳಗೆ ಹಳಸಿದ ಹಾಗೆ ಕಾಣುತ್ತಿತ್ತು. ಅತ್ತೆ ಮೀನನ್ನು ಕಿಟಕಿ ಹತ್ತಿರ ಹಿಡಿದು ನೋಡುತ್ತಿದ್ದರು. 90 ದಾಟಿದ ಸಿಆರ್‌ಐ ಇರುವ ಪಟ್ಟಿ ದೀಪವನ್ನು ಕಪಾಟಿನ ಅಡಿಗೆ ಅಂಟಿಸಿದ ಮೇಲೆ ಆ ಓಡಾಟ ನಿಂತಿದೆ. ಇನ್ನೊಂದು ಲಾಭ, ನಮ್ಮ ನೆರಳೇ ಈಳಿಗೆಮಣೆಯ ಮೇಲೆ ಬೀಳುವುದಿಲ್ಲ. ಪಟ್ಟಿಯನ್ನು ನೇರ ಮರಕ್ಕೆ ಅಂಟಿಸಬೇಡಿ. ಅಲ್ಯೂಮಿನಿಯಂ ಚಾನೆಲ್‌ನೊಳಗೆ ಹಾಕಿ. ಬಿಸಿ ಹೊರಗೆ ಹೋಗುತ್ತದೆ, ಒಗ್ಗರಣೆಯ ಎಣ್ಣೆ ಹೊಗೆ ಕೂತರೆ ಒರೆಸಲೂ ಸುಲಭ.

ಖರೀದಿಸಬೇಡಿ ಎಂದು ಖಂಡಿತ ಹೇಳುವುದಾದರೆ ಮೂರು ಬಣ್ಣದ ಬಲ್ಬ್. ಸ್ವಿಚ್ಚನ್ನು ಆಫ್ ಮಾಡಿ ಆನ್ ಮಾಡಿದರೆ ಬಿಳಿ, ಹಳದಿ, ನಡುವಿನದ್ದು ಎಂದು ಬದಲಾಗುತ್ತದೆ. ಕೇಳಲು ಚೆಂದ. ನಮ್ಮಲ್ಲಿ ಮಳೆಗಾಲದ ಸಂಜೆ ಕರೆಂಟ್ ಹೋಗಿ ಹೋಗಿ ಬರುತ್ತದಲ್ಲ ಮಾರಾಯ್ರೆ, ಪ್ರತಿ ಸಲ ಬಂದಾಗಲೂ ಕೋಣೆ ಬೇರೆ ಬಣ್ಣ!

ಸೆನ್ಸರ್ ದೀಪ ಬಚ್ಚಲಿನ ಹಾದಿಗೆ ಹಾಕಿದ್ದೇವೆ, ಅತ್ತೆ ರಾತ್ರಿ ಎದ್ದರೆ ಸ್ವಿಚ್ ತಡಕಾಡಬೇಕಿಲ್ಲ. ಅದು ಗುರುತಿಸುವುದು ಮೈ ಬಿಸಿಯ ಚಲನೆಯನ್ನು. ಎದುರಿನಿಂದ ನೇರ ಬರುವವರಿಗಿಂತ ಅಡ್ಡ ದಾಟುವವರನ್ನು ಬೇಗ ಹಿಡಿಯುತ್ತದೆ, ಹಾಗಾಗಿ ಹಾದಿಯ ತುದಿಯಲ್ಲಿ ಇಡದೆ ಪಕ್ಕದ ಗೋಡೆಗೆ ಹಾಕಿ. ಮೇ ತಿಂಗಳ ಸೆಕೆಯಲ್ಲಿ ಗಾಳಿಯ ಬಿಸಿಗೂ ಮೈ ಬಿಸಿಗೂ ವ್ಯತ್ಯಾಸ ಕಮ್ಮಿ, ಆಗ ಹತ್ತಿರ ಹೋಗುವ ತನಕ ಉರಿಯುವುದಿಲ್ಲ. ಲೆನ್ಸಿನ ಮೇಲೆ ಹಲ್ಲಿ ಓಡಾಡಿದರೆ ರಾತ್ರಿಯಿಡೀ ನಾಟಕ.

ಅಂಗಳದ ಸೋಲಾರ್ ದೀಪಗಳು ಅಕ್ಟೋಬರಿನಿಂದ ಮೇವರೆಗೆ ಪಾಸ್, ಮಳೆಗಾಲದಲ್ಲಿ ಫೇಲ್. ಬಿಸಿಲಿಲ್ಲ, ಜೊತೆಗೆ ಪ್ಯಾನೆಲ್ ಮೇಲೆ ಪಾಚಿ. ಜೂನಿನಲ್ಲಿ ಕಿತ್ತು ಕೊಟ್ಟಿಗೆಯಲ್ಲಿಡುತ್ತೇವೆ. ಬ್ಯಾಟರಿ ಇರುವ ಇನ್‌ವರ್ಟರ್ ಬಲ್ಬ್ ಮಾತ್ರ ತೆಂಗಿನಮರ ಲೈನಿನ ಮೇಲೆ ಬಿದ್ದ ರಾತ್ರಿಗಳಲ್ಲಿ ಮರ್ಯಾದೆ ಉಳಿಸಿದೆ. ಎರಡು ವರ್ಷ ಕಳೆದ ಮೇಲೆ ಅದರ ಬ್ಯಾಟರಿ ಸೊರಗಿತು.

ಸ್ವಿಚ್ ಆಫ್ ಮಾಡಿದರೂ ಬಲ್ಬ್ ಮಿಣಮಿಣ ಎನ್ನುತ್ತಿದ್ದರೆ ಬಲ್ಬನ್ನು ಬೈಯಬೇಡಿ. ಸ್ವಿಚ್ಚಿನಲ್ಲಿ ಕೆಂಪು ಇಂಡಿಕೇಟರ್ ಇದ್ದರೆ ಅದರ ಮೂಲಕ ಬರುವ ಚೂರು ಕರೆಂಟೇ ಸಾಕು. ಇಂಡಿಕೇಟರ್ ಇಲ್ಲದಿದ್ದರೆ, ಸ್ವಿಚ್ಚಿಗೆ ಫೇಸ್ ಬದಲು ನ್ಯೂಟ್ರಲ್ ಕೊಟ್ಟಿರಬಹುದು. ಹಾಗಿದ್ದರೆ ಸ್ವಿಚ್ ಆಫ್ ಇದ್ದರೂ ಹೋಲ್ಡರಿನಲ್ಲಿ ಕರೆಂಟ್ ಇರುತ್ತದೆ, ಬಲ್ಬ್ ಬದಲಿಸುವಾಗ ಶಾಕ್ ಹೊಡೆಯಬಹುದು. ಕೂಡಲೇ ವಯರಿಂಗಿನವರನ್ನು ಕರೆಸಿ ನೋಡಿಸಿ.

ಬಿಲ್ಲಿನ ಲೆಕ್ಕ ಬಹಳ ಸಣ್ಣದು. 60 ವ್ಯಾಟಿನ ಹಳೆಯ ಬಲ್ಬ್ ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್. ಅಷ್ಟೇ ಬೆಳಕು ಕೊಡುವ 9 ವ್ಯಾಟಿನ ಎಲ್‌ಇಡಿಗೆ ಒಂದೂವರೆ ಯೂನಿಟ್ಟೂ ಆಗುವುದಿಲ್ಲ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ 'ಉಳಿಸಿ ಎಂತ ಮಾಡ್ಲಿಕ್ಕುಂಟು' ಎಂದು ಕೇಳುವವರಿದ್ದಾರೆ. ಎಲ್ಲರಿಗೂ 200 ಯೂನಿಟ್ ಉಚಿತವಲ್ಲ. ಆ ಮಿತಿಯೊಳಗೆ, ನಿಮ್ಮ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿದಷ್ಟು ಉಚಿತ. ಅದನ್ನು ದಾಟಿದ ಯೂನಿಟ್ಟಿಗೆ ದುಡ್ಡು ಕೊಡಬೇಕು, 200 ದಾಟಿದರೆ ಪೂರ್ತಿ ಬಿಲ್. ಮಳೆಗಾಲದಲ್ಲಿ ಗೀಸರ್ ಓಡುವ ಮನೆಗಳಲ್ಲಿ ಈ ಏಳೆಂಟು ಯೂನಿಟ್ಟಿಗೂ ಅರ್ಥ ಉಂಟು.

ಕೊನೆಗೆ ವಾರಂಟಿ. ಹೆಚ್ಚಿನ ಬಲ್ಬುಗಳಿಗೆ ಒಂದೋ ಎರಡೋ ವರ್ಷ ಇರುತ್ತದೆ. ಆನ್‌ಲೈನಿನಲ್ಲಿ ಹತ್ತಿಪ್ಪತ್ತು ರೂಪಾಯಿ ಕಡಿಮೆಗೆ ಸಿಕ್ಕರೂ ನಾನು ಉಡುಪಿ ಪೇಟೆಯ ಅಂಗಡಿಯಲ್ಲೇ ಕೊಳ್ಳುತ್ತೇನೆ. ಕೆಟ್ಟದ್ದನ್ನು ಕೊಟ್ಟರೆ ಅಲ್ಲೇ ಬೇರೆ ಕೊಡುತ್ತಾರೆ. ಬಿಲ್ಲು ಥರ್ಮಲ್ ಕಾಗದದ್ದು, ಒಂದು ಮಳೆಗಾಲದೊಳಗೆ ಅಕ್ಷರ ಮಾಸುತ್ತದೆ, ಆದ್ದರಿಂದ ತಂದ ದಿನವೇ ಅದರ ಫೋಟೋ ತೆಗೆದುಕೊಳ್ಳಿ. ನಾನು ಬಲ್ಬಿನ ಕುತ್ತಿಗೆಯ ಮೇಲೂ ಮಾರ್ಕರಿನಲ್ಲಿ ತಿಂಗಳು, ವರ್ಷ ಬರೆದೇ ಹೋಲ್ಡರಿಗೆ ಹಾಕುತ್ತೇನೆ.