ಕಂಪ್ಯೂಟರ್ ಕಡತಗಳ ಬ್ಯಾಕಪ್‌ಗೆ ರೆಸ್ಟಿಕ್: ಎರಡು ವರ್ಷ ಬಳಸಿದ ಮೇಲೆ

ಬಹಳ ಕಾಲ ನಾನು ಬ್ಯಾಕಪ್ ಎಂದು ನಂಬಿಕೊಂಡಿದ್ದದ್ದು ಒಂದು ಕ್ಲೌಡ್ ಸಿಂಕ್ ಸೇವೆಯನ್ನು. ಹಳೆಯ ಛಾಯಾಚಿತ್ರಗಳಿದ್ದ ಫೋಲ್ಡರೊಂದನ್ನು ಕೈತಪ್ಪಿ ಅಳಿಸಿದಾಗ ಅದು ಕ್ಲೌಡಿನಿಂದಲೂ ನನ್ನ ಇನ್ನೊಂದು ಕಂಪ್ಯೂಟರಿನಿಂದಲೂ ಅಳಿಸಿಹೋಯಿತು. ನನ್ನ ಗಮನಕ್ಕೆ ಬರುವ ಹೊತ್ತಿಗೆ ಅಳಿಸಿದ ಕಡತಗಳನ್ನು ಹಿಂಪಡೆಯಲು ಇದ್ದ 30 ದಿನಗಳ ಅವಧಿ ಮುಗಿದಿತ್ತು. ಸಿಂಕ್ ಸೇವೆಯ ಕೆಲಸವೇ ಎಲ್ಲ ಕಡೆಯ ಪ್ರತಿಗಳನ್ನು ಒಂದೇ ಸ್ಥಿತಿಯಲ್ಲಿ ಇಡುವುದಾದ್ದರಿಂದ, ಒಂದು ಕಡೆ ಆದ ತಪ್ಪು ಎಲ್ಲ ಕಡೆಗೂ ಹರಡುತ್ತದೆ. ಆ ಬಳಿಕ ನನಗೆ ಬೇಕಾಗಿದ್ದದ್ದು ನಿನ್ನೆಯ, ಕಳೆದ ತಿಂಗಳ, ಕಳೆದ ವರ್ಷದ ಸ್ಥಿತಿಗಳನ್ನು ಬೇರೆಬೇರೆಯಾಗಿ ಕಾಪಿಡುವ ವ್ಯವಸ್ಥೆ.

ವಿಂಡೋಸ್‌ನ ಫೈಲ್ ಹಿಸ್ಟರಿ, ಮ್ಯಾಕ್‌ನಲ್ಲಿ 2007ರಿಂದಲೂ ಇರುವ ಟೈಮ್ ಮೆಷಿನ್ ಎರಡೂ ಈ ಕೆಲಸವನ್ನು ಮಾಡುತ್ತವೆ. ಕಮಾಂಡ್‌ಗಳನ್ನು (ಕಂಪ್ಯೂಟರಿಗೆ ಕೊಡುವ ಆಜ್ಞೆಗಳನ್ನು) ಟೈಪ್ ಮಾಡುವ ಗೊಡವೆಯೇ ಬೇಡ ಎನ್ನುವವರು ಇವುಗಳಲ್ಲಿ ತಮ್ಮ ಕಂಪ್ಯೂಟರಿಗೆ ಒಗ್ಗುವುದನ್ನು ಇಂದೇ ಚಾಲೂ ಮಾಡಿಕೊಳ್ಳಲಿ. ನನ್ನ ಬಳಿ ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇದ್ದುದರಿಂದ, ಎರಡರಲ್ಲೂ ಒಂದೇ ರೀತಿ ನಡೆಯುವ ಮುಕ್ತ ತಂತ್ರಾಂಶವಾದ ರೆಸ್ಟಿಕ್ ಅನ್ನು ಆರಿಸಿಕೊಂಡೆ.

ರೆಸ್ಟಿಕ್ ಪ್ರತಿಯೊಂದು ಕಡತವನ್ನು ಅದರ ಒಳಗಿನ ಮಾಹಿತಿಗೆ ತಕ್ಕಂತೆ ಸಣ್ಣ ತುಂಡುಗಳಾಗಿ ಒಡೆಯುತ್ತದೆ, ಪ್ರತಿ ತುಂಡಿಗೂ ಅದರ ಮಾಹಿತಿಯಿಂದಲೇ ಲೆಕ್ಕ ಹಾಕಿದ ಎಸ್‌ಎಚ್‌ಎ-256 ಎಂಬ ಗುರುತು ಕೊಡುತ್ತದೆ, ಮತ್ತು ಒಮ್ಮೆ ಸಂಗ್ರಹದೊಳಗೆ ಸೇರಿದ ತುಂಡನ್ನು ಮತ್ತೆ ಸೇರಿಸುವುದಿಲ್ಲ. ಹೀಗಾಗಿ ಮೊದಲ ಬ್ಯಾಕಪ್‌ಗೆ ಗಂಟೆಗಟ್ಟಲೆ ಹಿಡಿದರೂ ಮರುದಿನದಿಂದ ಬದಲಾದ ಭಾಗವಷ್ಟೇ ಸೇರುತ್ತ ಹೋಗುತ್ತದೆ. ಆದರೂ ಪ್ರತಿ ದಿನದ ಸ್ನ್ಯಾಪ್‌ಶಾಟ್, ಅಂದರೆ ಆ ಹೊತ್ತಿನಲ್ಲಿ ಕಡತಗಳಿದ್ದ ಸ್ಥಿತಿಯ ದಾಖಲೆ, ತನ್ನಷ್ಟಕ್ಕೆ ಪೂರ್ಣವಾಗಿರುತ್ತದೆ. ಫೋಲ್ಡರಿನ ಹೆಸರು ಬದಲಿಸಿದರೂ, ಒಂದೇ ಚಿತ್ರ ನಾಲ್ಕು ಕಡೆ ಇದ್ದರೂ ಜಾಗ ವ್ಯರ್ಥವಾಗುವುದಿಲ್ಲ. ಎನ್‌ಕ್ರಿಪ್ಷನ್ (ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಮಾಹಿತಿಯನ್ನು ಗೂಢಲಿಪಿಗೆ ಬದಲಿಸುವುದು) ಇಲ್ಲಿ ಐಚ್ಛಿಕವಲ್ಲ, ಎಲ್ಲವೂ ಎಇಎಸ್-256 ಎಂಬ ಗೂಢಲಿಪಿ ವಿಧಾನದಲ್ಲಿ ಭದ್ರವಾಗಿರುತ್ತದೆ. ಆದ್ದರಿಂದ ಅದೇ ಸಂಗ್ರಹವನ್ನು ಹೊರಗಿನ ಹಾರ್ಡ್ ಡಿಸ್ಕಿನಲ್ಲಿಟ್ಟಂತೆ ಬೇರೆಯವರ ಸರ್ವರಿನಲ್ಲೂ ನಿಶ್ಚಿಂತೆಯಿಂದ ಇಡಬಹುದು.

ಕೊರತೆಗಳು ಚಿಕ್ಕವಲ್ಲ. ಎಲ್ಲ ಕೆಲಸವೂ ಕಮಾಂಡ್ ಲೈನಿನಲ್ಲಿ ನಡೆಯಬೇಕು. ನಿಗದಿತ ಹೊತ್ತಿಗೆ ತಾನಾಗಿ ಓಡುವ ಏರ್ಪಾಡು ಇದರೊಳಗೆ ಇಲ್ಲದ ಕಾರಣ ವಿಂಡೋಸ್‌ನಲ್ಲಿ ಟಾಸ್ಕ್ ಶೆಡ್ಯೂಲರ್, ಲಿನಕ್ಸ್‌ನಲ್ಲಿ ಕ್ರಾನ್ ಬಳಸಿ ಅದನ್ನು ನಾವೇ ಹೊಂದಿಸಬೇಕು. ‘ಫರ್ಗೆಟ್’ ಕಮಾಂಡ್ ಹಳೆಯ ಸ್ನ್ಯಾಪ್‌ಶಾಟ್‌ಗಳನ್ನು ಪಟ್ಟಿಯಿಂದ ತೆಗೆಯುತ್ತದೆಯೇ ಹೊರತು ಡಿಸ್ಕಿನ ಜಾಗವನ್ನು ಬಿಡಿಸುವುದಿಲ್ಲ. ಅದಕ್ಕೆ ‘ಪ್ರೂನ್’ ಬೇರೆಯಾಗಿ ಬೇಕು ಎಂಬುದು ಡಿಸ್ಕ್ ತುಂಬಿದ ದಿನವೇ ನನಗೆ ತಿಳಿದದ್ದು. ಸಂಗ್ರಹವನ್ನು ಸಾಮಾನ್ಯ ಫೋಲ್ಡರಿನಂತೆ ತೆರೆದು ನೋಡುವ ‘ಮೌಂಟ್’ ಸೌಲಭ್ಯ ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿದೆ, ವಿಂಡೋಸ್‌ನಲ್ಲಿ ಇಲ್ಲ. ಕಿಟಕಿ ತೆರೆದು ಗುಂಡಿ ಒತ್ತುವ ಬಗೆಯ ತಂತ್ರಾಂಶವೇ ಬೇಕೆಂದರೆ ಡುಪ್ಲಿಕಾಟಿಯನ್ನು ನೋಡಬಹುದು.

ದೂರದ ಸರ್ವರಿಗೆ ಕಳಿಸುವವರು ಮೊದಲು ತಮ್ಮ ಅಪ್‌ಲೋಡ್ ವೇಗವನ್ನು ಲೆಕ್ಕ ಹಾಕಬೇಕು: ಸೆಕೆಂಡಿಗೆ 10 ಮೆಗಾಬಿಟ್ ವೇಗದಲ್ಲಿ 500 ಗಿಗಾಬೈಟ್ ತಲುಪಲು ಎಡೆಬಿಡದೆ ನಾಲ್ಕೂವರೆ ದಿನಕ್ಕಿಂತ ಹೆಚ್ಚು ಬೇಕು. ನಾನು ಛಾಯಾಚಿತ್ರ ಮತ್ತು ದಾಖಲೆಗಳನ್ನು ಮಾತ್ರ ದೂರಕ್ಕೆ ಕಳಿಸುತ್ತೇನೆ. ಉಳಿದೆಲ್ಲವೂ ಎರಡು ಹಾರ್ಡ್ ಡಿಸ್ಕುಗಳಿಗೆ ವಾರ ಬಿಟ್ಟು ವಾರ ಹೋಗುತ್ತದೆ, ಮತ್ತು ಕೆಲಸವಿಲ್ಲದಾಗ ಎರಡನ್ನೂ ಕಂಪ್ಯೂಟರಿನಿಂದ ಬಿಡಿಸಿಡುತ್ತೇನೆ. ಸದಾ ಜೋಡಿಸಿಟ್ಟ ಡಿಸ್ಕ್ ರಾನ್ಸಮ್‌ವೇರ್ (ಕಡತಗಳನ್ನು ತೆರೆಯಲಾಗದಂತೆ ಮಾಡಿ ಹಣ ಕೇಳುವ ದುಷ್ಟ ತಂತ್ರಾಂಶ) ದಾಳಿಗೆ ಕಂಪ್ಯೂಟರಿನ ಜೊತೆಗೇ ಬಲಿಯಾಗುತ್ತದೆ.

ರೆಸ್ಟಿಕ್ ನನ್ನ ವಿಶ್ವಾಸ ಗಳಿಸಿದ್ದು ಮರುಪಡೆಯುವಾಗ. ಮೂರು ತಿಂಗಳಿಗೊಮ್ಮೆ ಒಂದು ಖಾಲಿ ಫೋಲ್ಡರಿಗೆ ಹಳೆಯ ಸ್ನ್ಯಾಪ್‌ಶಾಟನ್ನು ‘ರಿಸ್ಟೋರ್’ ಮಾಡಿ, ಹತ್ತಾರು ಕಡತಗಳನ್ನು ತೆರೆದು ನೋಡುತ್ತೇನೆ. ಇದುವರೆಗೆ ಒಂದೂ ಕೆಟ್ಟಿಲ್ಲ. ‘ಚೆಕ್’ ಕಮಾಂಡಿಗೆ ಸಂಗ್ರಹದ ಒಂದು ಭಾಗವನ್ನು ನಿಜವಾಗಿಯೂ ಓದಿ ಪರೀಕ್ಷಿಸುವಂತೆ ಹೇಳಬಹುದು, ಡಿಸ್ಕ್ ಹಾಳಾಗುತ್ತಿರುವುದು ಅದರಿಂದ ಮುಂಚೆಯೇ ಗೊತ್ತಾಗುತ್ತದೆ. ಪಾಸ್‌ವರ್ಡ್ ಕಳೆದರೆ ಮಾತ್ರ ಯಾವ ದಾರಿಯೂ ಇಲ್ಲ. ನನ್ನದನ್ನು ಕಾಗದದ ಮೇಲೆ ಬರೆದು, ಒಂದು ಪ್ರತಿಯನ್ನು ಬೀರುವಿನಲ್ಲಿಟ್ಟು, ಇನ್ನೊಂದನ್ನು ತಂಗಿಯ ಕೈಗೆ ಕೊಟ್ಟಿದ್ದೇನೆ.