ಒಂದು ಫ್ರಿಜ್, ಎರಡು ಸಾಲ: ಒಟಿಪಿ ಹೇಳುವ ಮುನ್ನ ಇದನ್ನು ಓದಿ

ಹಬ್ಬದ ಆಫರ್ ನೋಡಿ ಕಂತಿನಲ್ಲಿ ಟಿವಿ, ಫ್ರಿಜ್, ವಾಷಿಂಗ್ ಮೆಷಿನ್ ಕೊಳ್ಳಲು ಹೊರಟವರು ದಯವಿಟ್ಟು ಇದನ್ನು ಓದಿ. ಫೈನಾನ್ಸ್ ಕೌಂಟರಿನಲ್ಲಿ ಒಟಿಪಿ ಕೇಳಿದರೆ ಹೇಳಬೇಡಿ. ಸಾಲದ ಕಾಗದ ನಿಮ್ಮ ಕೈಗೆ ಬರುವವರೆಗೆ ಹೇಳಬೇಡಿ. ಆ ನಾಲ್ಕಾರು ಅಂಕಿಗಳೇ ನಿಮ್ಮ ಸಹಿ. ಅವು ಬಾಯಿಂದ ಹೊರಬಿದ್ದ ಮೇಲೆ ನಿಮ್ಮ ಮಾತಿಗೆ ಅಲ್ಲಿ ಕವಡೆ ಕಾಸಿನ ಬೆಲೆಯೂ ಇರುವುದಿಲ್ಲ.

ನಾನು ದಾವಣಗೆರೆಯ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು. ಬಡ್ಡಿ, ಬಾಕಿ, ಕಮಿಷನ್ ಎಲ್ಲವನ್ನೂ ಪೈಸೆ ಬಿಡದೆ ಕೂಡಿ ಕಳೆಯುವುದೇ ನನ್ನ ಹೊಟ್ಟೆಪಾಡು. ಅಂಥವನಿಗೇ ಹೀಗಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ. ಮನೆಯವಳಿಗೆ ಹೇಳುವುದಕ್ಕೇ ಬಾಯಿ ಬಂದಿರಲಿಲ್ಲ. ಆದರೆ ಈ ನಾಚಿಕೆಯನ್ನೇ ನಂಬಿಕೊಂಡು ಅವರ ವ್ಯಾಪಾರ ನಡೆಯುತ್ತಿದೆ ಎಂದು ಈಗ ಅನ್ನಿಸುತ್ತಿದೆ, ಹಾಗಾಗಿ ಬರೆಯುತ್ತಿದ್ದೇನೆ.

ಮಗಳು ಹೊಸ ಮನೆ ಮಾಡಿದ್ದಳು. ಆಯುಧ ಪೂಜೆಯ ಹಿಂದಿನ ದಿನ ಅವಳಿಗೊಂದು ಫ್ರಿಜ್ ಕೊಡಿಸಲು ಇಲ್ಲಿನ ದೊಡ್ಡ ಶೋರೂಂಗೆ ಹೋದೆವು. ಬೆಲೆ 36,000. ‘ಬಡ್ಡಿ ಇಲ್ಲ, ಮುಂಗಡ ಇಲ್ಲ, ತಿಂಗಳಿಗೆ 3,000ದಂತೆ ಹನ್ನೆರಡು ಕಂತು’ ಎಂದರು. ನಾನು ಮನಸ್ಸಿನಲ್ಲೇ ಗುಣಿಸಿದೆ, ಲೆಕ್ಕ ಸರಿಯಾಗಿತ್ತು. ‘ಇದಲ್ಲದೆ ಬೇರೇನಾದರೂ ಇದೆಯೇ?’ ಎಂದು ಬಾಯಿಬಿಟ್ಟು ಕೇಳಿದೆ. ‘ಪ್ರೊಸೆಸಿಂಗ್ ಶುಲ್ಕ ಒಂದೇ ಸರ್’ ಎಂದರು. ಅದನ್ನು ಅಲ್ಲೇ ಕಟ್ಟಿದೆ. ಈ ಪ್ರಶ್ನೆಯನ್ನೂ ಈ ಉತ್ತರವನ್ನೂ ನೆನಪಿಟ್ಟುಕೊಳ್ಳಿ.

ನಂತರ ಟ್ಯಾಬ್ ಹಿಡಿದ ಹುಡುಗನೊಬ್ಬ ಬಂದ. ಆಧಾರ್, ಪ್ಯಾನ್, ಬ್ಯಾಂಕ್ ವಿವರ, ಫೋಟೊ. ಒಂದರ ಹಿಂದೊಂದು ಒಟಿಪಿ. ‘ಇದು ಆಧಾರ್ ಪರಿಶೀಲನೆಗೆ’, ‘ಇದು ಮೊಬೈಲ್ ನಂಬರ್ ಖಾತ್ರಿಗೆ’, ‘ಇದು ಬ್ಯಾಂಕಿಗೆ’ ಎನ್ನುತ್ತ ಹೋದ. ಹಿಂದೆ ಜನ ಸಾಲುಗಟ್ಟಿ ನಿಂತಿದ್ದರು. ಟ್ಯಾಬಿನ ಪರದೆ ಅವನ ಕಡೆಗೇ ಇತ್ತು, ಒಮ್ಮೆಯೂ ನನ್ನ ಕಡೆ ತಿರುಗಲಿಲ್ಲ. ‘ಕಾಗದಪತ್ರ?’ ಎಂದರೆ ‘ಎಲ್ಲವೂ ಇಮೇಲ್‌ಗೆ ಬರುತ್ತದೆ ಸರ್’ ಎಂದ. ಬಂತು ನಿಜ. ಫ್ರಿಜ್ ಮಗಳ ಮನೆ ಸೇರಿದ ಮೇಲೆ ಬಂತು. ಪುಟಗಟ್ಟಲೆ ಇಂಗ್ಲಿಷಿನಲ್ಲಿ, ಇರುವೆಯಂಥ ಅಕ್ಷರದಲ್ಲಿ ಬಂತು.

ಮುಂದಿನ ತಿಂಗಳು ಬ್ಯಾಂಕಿನಿಂದ ಸಂದೇಶ: 3,000 ಕಡಿತ. ಅದರ ಬೆನ್ನಿಗೇ ಇನ್ನೊಂದು: 500 ಕಡಿತ. ತಾಂತ್ರಿಕ ದೋಷವಿರಬೇಕೆಂದು ಫೋನ್ ಮಾಡಿದೆ. ಆ ಕಡೆಯ ಹೆಣ್ಣುಮಗಳು ಬಹಳ ವಿನಯದಿಂದ ಹೇಳಿದಳು: ‘ಸರ್, ನಿಮ್ಮ ಹೆಸರಿನಲ್ಲಿ ಎರಡು ಸಾಲಗಳಿವೆ.’

ಎರಡು ಸಾಲ! ಕೊಂಡಿದ್ದು ಒಂದು ಫ್ರಿಜ್. ಎರಡನೆಯದು 6,000 ರೂಪಾಯಿಯ ಬೇರೆಯೇ ಸಾಲ, ಅದಕ್ಕೆ ಬೇರೆಯೇ ಖಾತೆ ಸಂಖ್ಯೆ. ಅದರಲ್ಲಿ 4,500 ಎಕ್ಸ್‌ಟೆಂಡೆಡ್ ವಾರಂಟಿಗೆ, 1,500 ಕಾರ್ಡ್ ಕಳೆದುಹೋದರೆ ರಕ್ಷಣೆ ಕೊಡುವ ಯಾವುದೋ ಯೋಜನೆಗೆ. ನನ್ನ ಬಳಿ ಕ್ರೆಡಿಟ್ ಕಾರ್ಡೇ ಇಲ್ಲ. ಫ್ರಿಜ್‌ನ ಕಂಪ್ರೆಸರಿಗೆ ತಯಾರಕರೇ ಹತ್ತು ವರ್ಷದ ವಾರಂಟಿ ಕೊಟ್ಟಿದ್ದಾರೆ. ವಾರಂಟಿ ಬೇಕೇ ಎಂದು ಯಾರೂ ಕೇಳಲಿಲ್ಲ. ಯಾರೂ ಕೇಳಲಿಲ್ಲ. ಆ ಸಾಲು ಸಾಲು ಒಟಿಪಿಗಳಲ್ಲಿ ಯಾವುದೋ ಒಂದು ಇದಕ್ಕೆ ಹೋಗಿತ್ತು.

ಶೋರೂಂಗೆ ಹೋದೆ. ಮ್ಯಾನೇಜರ್ ಉತ್ತರ: ‘ಸಾಲ ಕೊಟ್ಟವರು ಫೈನಾನ್ಸ್‌ನವರು, ನಮಗೂ ಅದಕ್ಕೂ ಸಂಬಂಧವಿಲ್ಲ.’ ಫೈನಾನ್ಸ್ ಕಂಪನಿಗೆ ಬರೆದೆ. ಅವರ ಉತ್ತರ: ‘ವಾರಂಟಿ ಮಾರಿದವರು ಅಂಗಡಿಯವರು, ಅಲ್ಲಿಯೇ ವಿಚಾರಿಸಿ. ನೀವು ಒಟಿಪಿ ಮೂಲಕ ಒಪ್ಪಿಗೆ ನೀಡಿರುವುದು ನಮ್ಮ ದಾಖಲೆಯಲ್ಲಿದೆ.’ ಮತ್ತೆ ಶೋರೂಂ. ಈ ಸಲ ಆ ಹುಡುಗನೇ ಸಿಕ್ಕ. ತಲೆ ತಗ್ಗಿಸಿಕೊಂಡು ಹೇಳಿದ: ‘ಸರ್, ಎಲ್ಲರಿಗೂ ಹೀಗೇ ಮಾಡುವುದು. ನಮಗೂ ಟಾರ್ಗೆಟ್ ಇರುತ್ತದೆ. ಐನೂರು ರೂಪಾಯಿಗೆ ಯಾರೂ ಕೇಳಲು ಬರುವುದಿಲ್ಲ.’ ಆ ಹುಡುಗನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಅವನ ತಲೆಯ ಮೇಲೆ ಟಾರ್ಗೆಟ್ ಹೇರಿ ಎಸಿ ಕೋಣೆಯಲ್ಲಿ ಕುಳಿತವರ ಮೇಲಿದೆ. ‘ಓದಿ ಸಹಿ ಮಾಡುವುದು ಗ್ರಾಹಕರ ಜವಾಬ್ದಾರಿ ಅಲ್ಲವೇ?’ ಎಂದು ಅದೇ ಮ್ಯಾನೇಜರ್ ನನಗೆ ಪಾಠ ಹೇಳಿದರು. ಹೌದು, ಜವಾಬ್ದಾರಿಯೇ. ಓದಲು ಕೊಟ್ಟರೆ ತಾನೇ ಓದುವುದು?

ಆಮೇಲೆ ನಿಯಮ ಹುಡುಕಿ ನೋಡಿದೆ. ನೋಡಿದಷ್ಟೂ ಸಿಟ್ಟು ಹೆಚ್ಚಾಯಿತು. 2024ರ ಅಕ್ಟೋಬರ್ 1ರಿಂದ ಇಂಥ ಪ್ರತಿ ಹೊಸ ಸಾಲಕ್ಕೂ ಮೊದಲು ಕೆಎಫ್‌ಎಸ್ ಎಂಬ ಮುಖ್ಯಾಂಶಗಳ ಪತ್ರ ಕೊಡಲೇಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿದೆ. ಅದು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಅದನ್ನು ವಿವರಿಸಿ ಹೇಳಬೇಕು. ಅರ್ಥವಾಯಿತು ಎಂದು ಸಾಲಗಾರನಿಂದ ಒಪ್ಪಿಗೆ ಪಡೆಯಬೇಕು. ವಿಮೆಯಂಥ ಮೂರನೆಯವರ ಶುಲ್ಕವನ್ನೂ ಸೇರಿಸಿ ಸಾಲದ ಒಟ್ಟು ಖರ್ಚಿನ ವಾರ್ಷಿಕ ದರ ತೋರಿಸಬೇಕು. ಅದರಲ್ಲಿ ಬರೆಯದ ಶುಲ್ಕವನ್ನು ಸ್ಪಷ್ಟ ಒಪ್ಪಿಗೆಯಿಲ್ಲದೆ ಹಾಕುವಂತಿಲ್ಲ. ಏಳು ದಿನ ಅಥವಾ ಅದಕ್ಕಿಂತ ಹೆಚ್ಚಿನ ಅವಧಿಯ ಸಾಲವಾದರೆ, ಯೋಚಿಸಿ ಒಪ್ಪಲು ಕನಿಷ್ಠ ಮೂರು ಕೆಲಸದ ದಿನಗಳ ಕಾಲಾವಕಾಶವನ್ನೂ ಕೊಡಬೇಕು. ಅಂದರೆ ‘ಆಫರ್ ಇವತ್ತೇ ಮುಗಿಯುತ್ತದೆ, ಬೇಗ ಒಟಿಪಿ ಹೇಳಿ’ ಎಂದು ಅವಸರಿಸುತ್ತಾರಲ್ಲ, ಸಾಲದ ಷರತ್ತುಗಳ ಮಟ್ಟಿಗೆ ಆ ಅವಸರಕ್ಕೆ ಯಾವ ಆಧಾರವೂ ಇಲ್ಲ. ಯೋಚಿಸಲು ನನಗೆ ಮೂರು ನಿಮಿಷವನ್ನೂ ಬಿಡಲಿಲ್ಲ.

‘ಬಡ್ಡಿ ಇಲ್ಲ’ ಎಂಬ ಮಾತಿನ ಬಗ್ಗೆಯೂ ಹೇಳಬೇಕು. ನಮ್ಮ ಮಂಡಿಯ ಹಮಾಲರೊಬ್ಬರು ಅದೇ ವಾರ, ಅದೇ ಶೋರೂಂನಲ್ಲಿ, ಅದೇ ಮಾದರಿಯ ಫ್ರಿಜ್ಜನ್ನು ನಗದು ಕೊಟ್ಟು 33,500ಕ್ಕೆ ತಂದಿದ್ದಾರೆ. ಆ 2,500 ಏನು? ಬಡ್ಡಿಯೇ ಅಲ್ಲವೇ? 2013ರ ಸೆಪ್ಟೆಂಬರ್‌ನಲ್ಲೇ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಬರೆದ ಸುತ್ತೋಲೆಯಲ್ಲಿ, ಶೂನ್ಯ ಬಡ್ಡಿ ಎಂಬುದೇ ಇಲ್ಲ, ಅದನ್ನು ಪ್ರೊಸೆಸಿಂಗ್ ಶುಲ್ಕದಲ್ಲಿ ಮರೆಮಾಚುತ್ತಾರೆ ಎಂದು ಹೇಳಿತ್ತು. ಇಷ್ಟು ವರ್ಷವಾದರೂ ಹಬ್ಬ ಬಂದರೆ ಊರ ತುಂಬ ಅದೇ ಫಲಕಗಳು.

ಕೊಳ್ಳುವವರಿಗೆ ಇಷ್ಟು ಹೇಳುತ್ತೇನೆ. ಮೊದಲು ನಗದು ಬೆಲೆ ಕೇಳಿ, ಕಂತಿನ ಮಾತು ಆಮೇಲೆ. ಕೆಎಫ್‌ಎಸ್ ಕನ್ನಡದಲ್ಲಿ ಕೊಡಿ ಎನ್ನಿ, ಕೊಡದಿದ್ದರೆ ಎದ್ದು ಬನ್ನಿ. ಸಾಲ ಎಷ್ಟು, ಎಷ್ಟು ಖಾತೆ ಎಂದು ಕೇಳಿ. ಒಟಿಪಿಯ ಸಂದೇಶವನ್ನು ಪೂರ್ತಿ ಓದಿ, ಇಂಗ್ಲಿಷ್ ಬಾರದಿದ್ದರೆ ಮಕ್ಕಳಿಂದ ಓದಿಸಿ, ಹಿಂದೆ ನಿಂತ ಸಾಲು ಕಾಯಲಿ. ಡಿಜಿಟಲ್ ಸಾಲವಾದರೆ ದಂಡವಿಲ್ಲದೆ ಹಿಂತಿರುಗಿಸಲು ಕನಿಷ್ಠ ಒಂದು ದಿನದ ಅವಕಾಶ ಇರಬೇಕು, ಮನೆಗೆ ಬಂದ ರಾತ್ರಿಯೇ ಇಮೇಲ್ ತೆರೆದು ನೋಡಿ.

ಈಗಾಗಲೇ ಸಿಕ್ಕಿಬಿದ್ದಿದ್ದರೆ ಫೋನಿನಲ್ಲಿ ಜಗಳವಾಡಬೇಡಿ, ಬರಹದಲ್ಲಿ ದೂರು ಕೊಡಿ. ಫೈನಾನ್ಸ್ ಕಂಪನಿ 30 ದಿನಗಳಲ್ಲಿ ಪರಿಹಾರ ಕೊಡದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿ ಓಂಬುಡ್ಸ್‌ಮನ್‌ಗೆ ಹೋಗಬಹುದು, ಮಾಹಿತಿಗೆ 14448. ಅಂಗಡಿಯ ಮೇಲಿನ ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಜಿಲ್ಲಾ ಗ್ರಾಹಕ ಆಯೋಗದಲ್ಲಿ ಐದು ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕವೂ ಇಲ್ಲ. ಆದರೆ ಸಿಟ್ಟಿನಲ್ಲಿ ಕಂತು ಮಾತ್ರ ನಿಲ್ಲಿಸಬೇಡಿ. ಮ್ಯಾಂಡೇಟ್, ಅಂದರೆ ಖಾತೆಯಿಂದ ಕಂತು ತಾನಾಗಿಯೇ ಕಡಿತವಾಗಲು ಕೊಟ್ಟ ಒಪ್ಪಿಗೆ, ಹಣವಿಲ್ಲದೆ ಬೌನ್ಸ್ ಆದರೆ ಬ್ಯಾಂಕೂ ಶುಲ್ಕ ಹಾಕುತ್ತದೆ, ಫೈನಾನ್ಸ್‌ನವರೂ ಹಾಕುತ್ತಾರೆ, ಸಾಲ ತೀರಿಸುವ ನಡತೆಗೆ ಕೊಡುವ ಸಿಬಿಲ್ ಅಂಕವೂ ಕುಸಿಯುತ್ತದೆ.

ನಾನು ಎರಡೂ ಕಂತು ಕಟ್ಟುತ್ತಿದ್ದೇನೆ. ಹಲ್ಲು ಕಚ್ಚಿಕೊಂಡು ಕಟ್ಟುತ್ತಿದ್ದೇನೆ. ಎರಡನೆಯ ಸಾಲವನ್ನು ನನಗೆ ವಿವರಿಸಿ ಒಪ್ಪಿಗೆ ಪಡೆದ ದಾಖಲೆ ಕೊಡಿ ಎಂದು ಕಂಪನಿಗೆ ಬರೆದಿದ್ದೆ. ಒಟಿಪಿ ಬಂದ ಗಂಟೆ ನಿಮಿಷದ ವಿವರ ಕಳುಹಿಸಿದರು, ವಿವರಿಸಿದ್ದರ ದಾಖಲೆ ಇಲ್ಲ. ಅದೇ ಕಾಗದವನ್ನು ಲಗತ್ತಿಸಿ ಓಂಬುಡ್ಸ್‌ಮನ್‌ಗೆ ದೂರು ಹಾಕಿದ್ದೇನೆ.